ನಲವತ್ತೈದರ ಸುಸ್ತು

ನಲವತ್ತೈದು ದಾಟಿದ ಯಜಮಾನರಿಗೆ ಸುಸ್ತು, ಮೌನ, ಸಣ್ಣದಕ್ಕೂ ಸಿಟ್ಟು. ‘ಗಂಡಸ್ತನ ಇಳೀತು’ ಅಂತ ಸಂತೆಯಿಂದ ಶಕ್ತಿಪುಡಿ ತರ್ತಾರೆ. ಅದರೊಳಗೆ ಏನಿದೆಯೋ, ಮಾರೋನಿಗೂ ಗೊತ್ತಿರದು!

ವೃಷಣದಲ್ಲಿ ಹುಟ್ಟಿ ರಕ್ತಕ್ಕೆ ಸೇರುವ ಟೆಸ್ಟೊಸ್ಟೆರೋನ್ ಎಂಬ ರಸ ವಯಸ್ಸಾದಂತೆ ವರ್ಷಕ್ಕೆ ನೂರಕ್ಕೆ ಸುಮಾರು 1ರಂತೆ ಇಳಿಯುವುದು ಸಹಜ; ಹೆಂಗಸರ ಮುಟ್ಟಿನ ಹಾಗೆ ನಿಂತೇಹೋಗದು. ಬೊಜ್ಜು, ಸಕ್ಕರೆ ಕಾಯಿಲೆ ಇದ್ದರೆ ಇನ್ನಷ್ಟು ಇಳಿಯುತ್ತೆ. ಪರೀಕ್ಷೆಗೆ ಬೆಳಿಗ್ಗೆಯೇ ರಕ್ತ ಕೊಡಿ, ಅದು ಹೆಚ್ಚಿರುವ ಹೊತ್ತು ಅದೇ. ಕಡಿಮೆ ಬಂದರೆ ಮತ್ತೊಂದು ದಿನವೂ ಕೊಡಿ.

ರಸ ಸರಿಯಿದ್ದೂ ಮನಸ್ಸು ಕುಗ್ಗಿರಬಹುದು. ತಾಯಂದಿರೇ, ಎರಡು ವಾರವಾದರೂ ಹೀಗೇ ಇದ್ದರೆ ಡಾಕ್ಟರ ಹತ್ತಿರ ಕರೆದೊಯ್ಯಿರಿ. ಬೆಳೆಗೆ ಹೊಡೆಯೋ ಔಷಧದ ಡಬ್ಬಿಗೆ ಬೀಗ ಹಾಕಿ, ಕೀಲಿ ನೀವಿಟ್ಟುಕೊಳ್ಳಿ. 2022ರಲ್ಲಿ ಶುರುವಾದ ಟೆಲಿ ಮಾನಸ್, 14416ಕ್ಕೆ ಹಗಲೂ ರಾತ್ರಿ ಪುಕ್ಕಟೆ ಫೋನು ಮಾಡಿ ಕನ್ನಡದಲ್ಲೇ ಮಾತಾಡಬಹುದು.