ತೊಳೆದ ಕೈ, ಉಳಿದ ಜೀವ



ನಾವು ಆಸ್ಪತ್ರೆಯ ನರ್ಸುಗಳು. ತೀವ್ರ ನಿಗಾ ಘಟಕದಲ್ಲಿ ಕೆಲಸ ಮಾಡುತ್ತೇವೆ. ಜನ ಅದನ್ನು ಐಸಿಯು ಅಂತಾರೆ. ಸಾವು ಬದುಕಿನ ನಡುವೆ ಇರುವ ರೋಗಿಗಳು ಅಲ್ಲಿರುತ್ತಾರೆ.

“ನಮ್ಮವರನ್ನ ನೋಡೋಕೂ ಬಿಡೋದಿಲ್ವಲ್ಲ, ಇದೆಂಥಾ ನ್ಯಾಯ?” ಎಂದು ನೀವು ಕೇಳುತ್ತೀರಿ. ನಿಮ್ಮ ಸಂಕಟ ನಮಗೆ ಗೊತ್ತು. ಯಾಕೆ ಬಿಡೋದಿಲ್ಲ, ಕೇಳಿ.

ನಮ್ಮ ಚರ್ಮ ಮನೆಯ ಗೋಡೆ ಇದ್ದ ಹಾಗೆ. ರೋಗಾಣುಗಳನ್ನು ಹೊರಗೇ ತಡೆಯುತ್ತದೆ. ಐಸಿಯು ರೋಗಿಯ ರಕ್ತನಾಳಕ್ಕೆ ಸೂಜಿ ಹಾಕಿರುತ್ತೇವೆ. ಮೂತ್ರಕ್ಕೆ ಪೈಪು, ಉಸಿರಿಗೆ ಪೈಪು ಇರುತ್ತದೆ. ಒಂದೊಂದೂ ಗೋಡೆಯಲ್ಲಿ ಒಂದು ಕಿಂಡಿ. ಆ ಕಿಂಡಿಯಿಂದ ರೋಗಾಣು ಒಳಗೆ ನುಗ್ಗುತ್ತದೆ. ಒಂದು ಕಾಯಿಲೆಗೆ ಬಂದವರಿಗೆ ಇನ್ನೊಂದು ಅಂಟುತ್ತದೆ. ಜೀವವೇ ಹೋಗಬಹುದು. ರೋಗಾಣುವನ್ನು ಹೆಚ್ಚಾಗಿ ಹೊತ್ತು ತರುವುದು ನಮ್ಮ ನಿಮ್ಮ ಕೈ.

ಇದು ಬಹಳ ಹಿಂದೆಯೇ ತಿಳಿದ ಸಂಗತಿ. ಯುರೋಪಿನ ವಿಯೆನ್ನಾ ನಗರದ ಆಸ್ಪತ್ರೆ. 1847ರ ಏಪ್ರಿಲ್ ತಿಂಗಳು. ಅಲ್ಲಿಯ ಒಂದು ಹೆರಿಗೆ ವಾರ್ಡಿನಲ್ಲಿ ನೂರಕ್ಕೆ 18ರಂತೆ ಬಾಣಂತಿಯರು ಸತ್ತರು. ಹೆಣ ಕೊಯ್ದ ಡಾಕ್ಟರುಗಳು ಅದೇ ಕೈಯಲ್ಲಿ ಹೆರಿಗೆ ಮಾಡಿಸುತ್ತಿದ್ದರು. ಮೇ ತಿಂಗಳಲ್ಲಿ ಸೆಮ್ಮೆಲ್‌ವೈಸ್ ಎಂಬ ಡಾಕ್ಟರು ಹೊಸ ನಿಯಮ ತಂದರು. ಬ್ಲೀಚಿಂಗ್ ಪುಡಿಯಂಥ ಔಷಧಿಯ ನೀರಿನಲ್ಲಿ ಎಲ್ಲರಿಗೂ ಕೈ ತೊಳೆಸಿದರು. ಜೂನ್‌ನಲ್ಲಿ ಸತ್ತವರು ನೂರಕ್ಕೆ ಸುಮಾರು 2.

ಅದಕ್ಕೇ ನಾವು ರೋಗಿಯನ್ನು ಮುಟ್ಟುವ ಮೊದಲೂ, ಮುಟ್ಟಿದ ಮೇಲೂ ಕೈ ಶುಚಿ ಮಾಡಬೇಕು. ಗ್ಲೌಸು ಹಾಕಿದರೂ ಇದು ತಪ್ಪಬಾರದು. ಉಸಿರಿನ ಯಂತ್ರ ಹಾಕಿದವರ ಮಂಚವನ್ನು ತಲೆಯ ಕಡೆ ಎತ್ತರಿಸುತ್ತೇವೆ. ಬಾಯಿ ಶುಚಿ ಮಾಡುತ್ತೇವೆ. ಮೂತ್ರದ ಚೀಲ ನೆಲಕ್ಕೆ ತಾಗದಂತೆ, ಸೊಂಟಕ್ಕಿಂತ ಕೆಳಗೆ ತೂಗುಹಾಕುತ್ತೇವೆ. “ಈ ಪೈಪು ಇನ್ನೂ ಬೇಕಾ?” ಎಂದು ಡಾಕ್ಟರನ್ನು ದಿನವೂ ಕೇಳುತ್ತೇವೆ. ಬೇಡವಾದ ಕೂಡಲೇ ತೆಗೆದರೆ ಒಂದು ಕಿಂಡಿ ಮುಚ್ಚಿದ ಹಾಗೆ.

ಇದರಲ್ಲಿ ನಿಮ್ಮ ಪಾಲೂ ಇದೆ. ‘ಕೈ ತೊಳೆಯಿರಿ’ ಎಂಬ ಬೋರ್ಡನ್ನು ಈಗ ನೀವೇ ಓದಬಲ್ಲಿರಿ. ಓದು ಬಾರದವರಿಗೂ ಓದಿ ಹೇಳಿ. ಬಳೆ ಮೇಲಕ್ಕೆ ಸರಿಸಿ. ಸೋಪು ಹಚ್ಚಿ. ಬೆರಳ ಸಂದಿ, ಉಗುರು ಚೆನ್ನಾಗಿ ತಿಕ್ಕಿ. ನಿಧಾನವಾಗಿ 40ರವರೆಗೆ ಎಣಿಸಿ. ನೆಗಡಿ, ಕೆಮ್ಮು ಇದ್ದರೆ ಒಳಗೆ ಬರಬೇಡಿ. ರೋಗಿಯ ಮಂಚದ ಮೇಲೆ ಕೂರಬೇಡಿ. ಪೈಪುಗಳನ್ನು ಮುಟ್ಟಬೇಡಿ.

ಇನ್ನೊಂದು ಮಾತು. ನಮ್ಮ ಕೆಲಸದ ಗಡಿಬಿಡಿ ನೀವು ನೋಡಿದ್ದೀರಿ. ಆದರೂ ಹೆದರದೆ ಕೇಳಿ: “ಸಿಸ್ಟರ್, ಕೈ ತೊಳೆದ್ರಾ?” ಡಾಕ್ಟರನ್ನೂ ಕೇಳಿ. ನಾವು ಬೇಜಾರು ಮಾಡಿಕೊಳ್ಳೋದಿಲ್ಲ. ಕೇಳುವುದು ನಿಮ್ಮ ಹಕ್ಕು. ತೊಳೆಯುವುದು ನಮ್ಮ ಕರ್ತವ್ಯ.