ಬ್ಯಾಂಡುಮೇಳದ ಸ್ಪರ್ಧೆ ಮತ್ತು ಹೆಚ್ಚುವರಿ ವಾದ್ಯಗಳು
(ಶತಮಾನೋತ್ಸವದ ಪೂರ್ವಸಿದ್ಧತಾ ಸಭೆಯಲ್ಲಿ ಧರ್ಮಗುರುಗಳು ಮಾಡಿದ ಭಾಷಣ)



ಶತಮಾನೋತ್ಸವದ ಬ್ಯಾಂಡುಮೇಳ ಸ್ಪರ್ಧೆಯ ನಿಯಮಗಳನ್ನು ಗೊತ್ತುಪಡಿಸುವ ಮುನ್ನ ನಾಲ್ಕು ಮಾತು ಹೇಳಬೇಕೆಂದು ಸಮಿತಿಯವರು ನಮ್ಮನ್ನು ಕೇಳಿಕೊಂಡಿದ್ದಾರೆ. ವಿವಾದ ಇಷ್ಟೆ: ಟ್ರಂಪೆಟ್, ಟ್ರಂಬೋನ್, ಯೂಫೋನಿಯಂ ಮೊದಲಾದ ಹಿತ್ತಾಳೆಯ ವಾದ್ಯಗಳೊಡನೆ ಸ್ಯಾಕ್ಸೊಫೋನ್, ಕ್ಲಾರಿಯೊನೆಟ್, ಡೊಳ್ಳು, ಕೀಬೋರ್ಡುಗಳಿಗೂ ಅವಕಾಶ ಕೊಡಬೇಕೇ? ಹಿರಿಯರು ಕೂಡದೆನ್ನುತ್ತಾರೆ. ಹೊಳೆಯಾಚೆಯ ಯುವಕರು, ಅವಕಾಶವಿಲ್ಲದಿದ್ದರೆ ತಾವು ಬರುವುದೇ ಇಲ್ಲವೆನ್ನುತ್ತಾರೆ.

ಈ ವ್ಯಾಜ್ಯ ನಮ್ಮಲ್ಲಿ ಹುಟ್ಟಿದ್ದಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ, ಬೆಲ್ ವ್ಯೂ ಎಂಬ ಉದ್ಯಾನದಲ್ಲಿ, 1853ರಲ್ಲಿ ಇಂತಹ ಸ್ಪರ್ಧೆ ಆರಂಭವಾಯಿತು. ಗಣಿಯಲ್ಲಿಯೂ ಗಿರಣಿಯಲ್ಲಿಯೂ ದುಡಿಯುವವರೇ ಅಲ್ಲಿನ ವಾದಕರು. ಕಾಲಕ್ರಮದಲ್ಲಿ ಮೇಳಕ್ಕೆ ಸುಮಾರು 25 ಮಂದಿ, ಇಂತಿಂತಹ ವಾದ್ಯ ಮಾತ್ರ, ಎಂಬ ಕಟ್ಟುಪಾಡು ಬಲಿಯಿತು. ಸಾಮಾನ್ಯ ಕಛೇರಿಗಳಲ್ಲಿ ಬಾರಿಸುತ್ತಿದ್ದ ಡ್ರಮ್ಮನ್ನು ಸ್ಪರ್ಧೆಯ ದಿನ ಹೊರಗಿಡಬೇಕಾಗಿತ್ತು! ಸುಮಾರು 1970ರ ತರುವಾಯವಷ್ಟೇ ತಾಳವಾದ್ಯಗಳಿಗೆ ಬಾಗಿಲು ತೆರೆಯಿತು. ಅದರಿಂದ ಮೇಳಗಳು ಕೆಡಲಿಲ್ಲ. ರಚನಕಾರರು ತಾಳವಾದ್ಯಗಳಿಗೂ ತಕ್ಕ ಸ್ಥಾನವಿತ್ತು ಬರೆಯತೊಡಗಿದರು.

ಸ್ಯಾಕ್ಸೊಫೋನಿನ ಕಥೆ ಇನ್ನೂ ವಿನೋದದ್ದು. ಅಡಾಲ್ಫ್ ಸಾಕ್ಸ್ ಎಂಬಾತ 1846ರಲ್ಲಿ ಪ್ಯಾರಿಸಿನಲ್ಲಿ ಅದರ ಹಕ್ಕುಪತ್ರ ಪಡೆದನು. ಮೈಯೆಲ್ಲ ಹಿತ್ತಾಳೆಯಾದರೂ ಬಾಯಲ್ಲಿ ಬೆತ್ತದ ಸೀಳಿರುವುದರಿಂದ ಅದನ್ನು ಮರದ ಊದುವಾದ್ಯಗಳ ಪಂಕ್ತಿಯಲ್ಲಿ ಕೂರಿಸುತ್ತಾರೆ. ಆದುದರಿಂದಲೇ ಬ್ರಿಟಿಷ್ ಸ್ಪರ್ಧಾಮೇಳದಲ್ಲಿ ಅದಕ್ಕೆ ಎಡೆಯಿಲ್ಲ. ನಮ್ಮ ನಾಡಿನಲ್ಲಾದರೋ ನಾಗಸ್ವರ ವಾದಕರ ಮಗನಾದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ ಮಾರುಹೋದರು. ವರ್ಷಾನುಗಟ್ಟಲೆ ಸಾಧನೆ ಮಾಡಿ ಕರ್ನಾಟಕ ಸಂಗೀತದ ಗಮಕಗಳನ್ನು ಅದಕ್ಕೆ ಕಲಿಸಿದರು. 1994ರಲ್ಲಿ ಲಂಡನ್ನಿನ ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದರು. 2019ರಲ್ಲಿ ಅವರು ತೀರಿಕೊಂಡಾಗ ಆ ವಾದ್ಯವನ್ನು ಪರದೇಶದ್ದೆನ್ನುವವರು ಕರಾವಳಿಯಲ್ಲಿ ಯಾರೂ ಉಳಿದಿರಲಿಲ್ಲ.

ಧರ್ಮಸಭೆಯೂ ಈ ಪ್ರಶ್ನೆಯನ್ನು ಎದುರಿಸಿದೆ. 1903ರಲ್ಲಿ ಪೋಪ್ ಹತ್ತನೆಯ ಪಿಯೂಸರು ದೇವಾಲಯದೊಳಗೆ ಪಿಯಾನೊ, ಡ್ರಮ್, ಕಂಚಿನ ತಾಳಗಳನ್ನು ನಿಷೇಧಿಸಿದರು. ಬ್ಯಾಂಡಿಗಂತೂ ಒಳಗೆ ಪ್ರವೇಶವಿರಲಿಲ್ಲ. ಹೊರಗಿನ ಮೆರವಣಿಗೆಯಲ್ಲಿ ಮಾತ್ರ, ಧರ್ಮಾಧ್ಯಕ್ಷರ ಅಪ್ಪಣೆಯಿಂದ, ಲೌಕಿಕ ರಾಗಗಳನ್ನು ಬಿಟ್ಟು ನುಡಿಸಬಹುದಾಗಿತ್ತು. ಅರವತ್ತು ವರ್ಷ ಕಳೆದು 1963ರ ಡಿಸೆಂಬರಿನಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಪೈಪ್ ಆರ್ಗನ್ನಿಗೆ ಗೌರವದ ಸ್ಥಾನವನ್ನಿತ್ತು, ಪವಿತ್ರ ಬಳಕೆಗೆ ಯೋಗ್ಯವಾದ ಇತರ ವಾದ್ಯಗಳನ್ನೂ ಅಧಿಕಾರಿಗಳ ಸಮ್ಮತಿಯಿಂದ ಸೇರಿಸಿಕೊಳ್ಳಬಹುದೆಂದು ಸಾರಿತು. ಗುರುಮಠದಲ್ಲಿ ಈ ಎರಡು ದಸ್ತಾವೇಜುಗಳನ್ನು ಅಕ್ಕಪಕ್ಕ ಇಟ್ಟು ಓದಿದ ನಮಗೆ ತೋರಿದ್ದು ಇದು: ಎರಡರ ಕಾಳಜಿಯೂ ವಾದ್ಯ ಯಾವ ಕೆಲಸಕ್ಕೆ ಎಂಬುದರ ಬಗೆಗೇ. ನಮ್ಮ ಸ್ಪರ್ಧೆ ನಡೆಯುವುದು ಬಲಿಪೂಜೆಯಲ್ಲಲ್ಲ, ಅಂಗಳದಲ್ಲಿ. ಅಷ್ಟು ಭಯವೇಕೆ?

ಇನ್ನು ಹೊಳೆಯಾಚೆಯವರ ಮಾತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಪೂರ್ಣಗೊಂಡು ಶರಾವತಿಯ ಹಿನ್ನೀರು ನಿಂತ ಮೇಲೆ ಆ ಊರುಗಳು ನಡುಗಡ್ಡೆಯಂತಾದವು. 2025ರ ಜುಲೈಯಲ್ಲಿ ಸೇತುವೆ ತೆರೆಯುವವರೆಗೆ ಹೊಳೆಬಾಗಿಲಿನ ಲಾಂಚೇ ಗತಿ. ಕೊನೆಯ ಲಾಂಚು ತಪ್ಪಿದರೆ ರಾತ್ರಿ ಇತ್ತಲೇ ಕಳೆಯಬೇಕಾಗಿತ್ತು. ಹೀಗಿದ್ದಾಗ ಸಂಜೆಯ ಅಭ್ಯಾಸಕ್ಕೆ ಬರುವವರಾರಿದ್ದರು? ಯೂಫೋನಿಯಂ ಕೊಳ್ಳಲು ಹಣವೆಲ್ಲಿಯದು? ಅವರ ಕೈಗೆ ಸಿಕ್ಕಿದ್ದು ಎರಡು ಟ್ರಂಪೆಟ್ಟು, ನೆರೆಮನೆಯವರಿಂದ ಕಲಿತ ಡೊಳ್ಳು. ಹಿತ್ತಾಳೆ ಮಾತ್ರ ಎಂಬ ನಿಯಮ ಅವರನ್ನು ಹೊರಗಿಡುತ್ತದೆ. ಅದು ನಮಗೆ ಒಪ್ಪಿಗೆಯಿಲ್ಲ. ಡೊಳ್ಳು ಬೀರೇಶ್ವರನ ಸೇವೆಯದು, ಕುರುಬ ಬಂಧುಗಳದು ಎಂಬ ಆಕ್ಷೇಪಣೆಯೂ ಬಂದಿದೆ. ಹೌದು, ಅವರದೇ. ಆದುದರಿಂದ ಅವರ ಹಿರಿಯರನ್ನು ಕಂಡು, ಕೇಳಿ, ಆಹ್ವಾನಿಸಿಯೇ ಬಳಸತಕ್ಕದ್ದು.

ಹಿರಿಯರ ಆತಂಕದಲ್ಲಿಯೂ ಹುರುಳಿದೆ. ಬಾಗಿಲನ್ನು ಪೂರ್ತಿ ತೆರೆದರೆ ಹಣವುಳ್ಳ ಮೇಳ ಪೇಟೆಯಿಂದ ಒಂದು ದಿನದ ಸಂಬಳಕ್ಕೆ ಸ್ಯಾಕ್ಸೊಫೋನ್ ವಿದ್ವಾಂಸರನ್ನು ಕರೆತಂದು ಬಹುಮಾನ ಒಯ್ದೀತು. ವರ್ಷವಿಡೀ ತುಟಿ ಬಾತುಕೊಳ್ಳುವಂತೆ ಊದಿ ಕಲಿತ ಹುಡುಗ ಬೇಲಿಯಾಚೆ ನಿಂತು ನೋಡಬೇಕಾದೀತು. ಕೀಬೋರ್ಡಿನ ವಿಷಯ ಇನ್ನೂ ಕಠಿಣ: ಗುಂಡಿಯೊತ್ತಿದರೆ ಅದೊಂದೇ ಹತ್ತು ಮಂದಿಯ ಕೆಲಸ ಮಾಡುತ್ತದೆ, ಹತ್ತು ಮಕ್ಕಳು ಮನೆಯಲ್ಲಿ ಉಳಿಯುತ್ತಾರೆ.

ಆದುದರಿಂದ ನಮ್ಮ ಸಲಹೆ ಹೀಗಿದೆ. ರಾಗದ ಮುಖ್ಯ ಭಾರವನ್ನು ಹಿತ್ತಾಳೆಯ ವಾದ್ಯಗಳೇ ಹೊರಲಿ. ಉಸಿರಿನಿಂದಲೋ ಕೈಯಿಂದಲೋ ನುಡಿಯುವ ಹೆಚ್ಚುವರಿ ವಾದ್ಯಗಳು ಮೂರರ ತನಕ ಬರಲಿ, ವಿದ್ಯುತ್ತಿನವು ಬೇಡ. ಅವನ್ನು ನುಡಿಸುವವರು ಯಾವ ಧರ್ಮದವರೇ ಆಗಲಿ, ಆ ಊರಿನ ನಿವಾಸಿಗಳಾಗಿರಲಿ. ಜನ ಸಾಲದ ಮೇಳದಲ್ಲಿ ಒಬ್ಬನೇ ಎರಡು ವಾದ್ಯ ಹಿಡಿದರೂ ಅಡ್ಡಿಯಿಲ್ಲ.

ಒಂದು ಸಣ್ಣ ಸಂಗತಿ. ಮಲೆನಾಡಿನ ತಂಡಿಗೆ ಡೊಳ್ಳಿನ ಚರ್ಮ ಸಡಿಲವಾಗುತ್ತದೆ. ಬಿಸಿಲಿಗೆ ಕಾದ ಟ್ರಂಪೆಟ್ಟಿನ ಶ್ರುತಿ ಏರುತ್ತದೆ. ಆದುದರಿಂದ ವಾದಕರಿಗೆ ನೆರಳಿನ ಚಪ್ಪರವೂ, ಅದರಿಂದ ದೂರದಲ್ಲಿ ಚರ್ಮ ಕಾಯಿಸಲು ಬೆಂಕಿಯೂ ಇರಲಿ. ಸೌದೆಯ ವ್ಯವಸ್ಥೆಯನ್ನು ಯುವಕ ಸಂಘದವರು ವಹಿಸಿಕೊಳ್ಳತಕ್ಕದ್ದು.