ರಾತ್ರಿಯ ಜಗಳ, ಬೆಳಗಿನ ಜಾಮೀನು

(ನಾಗರಬಾವಿಯಲ್ಲಿ ಕೂಡಿದ್ದ ಕಾರ್ಮಿಕರ ಹಾಗೂ ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಕ್ರಿಕೆಟ್ಟಿನ ವಿಷಯ ಮಾತಾಡಲು ನಿಮ್ಮ ಪಕ್ಷದವರಿಗೇನು ಕೆಲಸ ಎಂದು ಹಿರಿಯರೊಬ್ಬರು ಬಾಗಿಲಲ್ಲೇ ನಮ್ಮನ್ನು ತಡೆದು ಕೇಳಿದರು. ಕೇಳತಕ್ಕ ಮಾತೇ. ಆಟದ ವಿಚಾರ ಹೇಳುವ ಯೋಗ್ಯತೆ ನಮಗಿಲ್ಲ. ಆಟ ಮುಗಿದ ಮೇಲಿನ ರಾತ್ರಿ ಉಂಟಲ್ಲ, ಆ ರಾತ್ರಿ ಕಳೆದ ಮೇಲಿನ ಬೆಳಗು ಉಂಟಲ್ಲ, ಅದರ ವಿಚಾರ ನಾಲ್ಕು ಮಾತು ಆಡಬೇಕೆಂದು ಬಂದಿದ್ದೇವೆ.

2012ರ ಮೇ 17ರಂದು ದೆಹಲಿಯ ಫಿರೋಜ್ ಷಾ ಕೋಟ್ಲಾ ಮೈದಾನದಲ್ಲಿ, ಬೆಂಗಳೂರಿನ ಹೆಸರು ಹೊತ್ತ ರಾಯಲ್ ಚಾಲೆಂಜರ್ಸ್ ತಂಡವು ದೆಹಲಿ ತಂಡವನ್ನು 21 ಓಟಗಳಿಂದ ಸೋಲಿಸಿತು. ಕ್ರಿಸ್ ಗೇಲ್ 62 ಎಸೆತಗಳಿಗೆ 128 ಹೊಡೆದ. ಶಾಲೆಗೆ ಬೇಸಿಗೆ ರಜೆ. ಪಕ್ಕದ ಮನೆಯ ಟೀವಿಯ ಮುಂದೆ ನಮ್ಮ ಹುಡುಗರ ನಡುವೆ ಕೂತು ನಾವೂ ಚಪ್ಪಾಳೆ ತಟ್ಟಿದವರೇ, ಮುಚ್ಚಿಡುವುದೇಕೆ?

ಅದೇ ರಾತ್ರಿ, ಬೆಳಗಿನ ಜಾವಕ್ಕೆ ಹತ್ತಿರವಾದ ಹೊತ್ತಿನಲ್ಲಿ, ಆ ತಂಡ ಇಳಿದುಕೊಂಡಿದ್ದ ದೊಡ್ಡ ಹೋಟೆಲಿನಲ್ಲಿ ಗಲಾಟೆ ನಡೆಯಿತು. ನಮ್ಮ ತಂಡದ ಆಸ್ಟ್ರೇಲಿಯದ ಆಟಗಾರ ಲ್ಯೂಕ್ ಪಾಮರ್ಸ್‌ಬಾಕ್ ತನ್ನೊಡನೆ ಅಸಭ್ಯವಾಗಿ ನಡೆದುಕೊಂಡನೆಂದೂ, ತಡೆಯಲು ಬಂದ ತನ್ನ ಭಾವೀ ಪತಿಯನ್ನು ಹೊಡೆದನೆಂದೂ ಅಮೆರಿಕದ ಹೆಂಗಸೊಬ್ಬರು ಫಿರ್ಯಾದು ಕೊಟ್ಟರು. ಏಟು ತಿಂದವರನ್ನು ಆಸ್ಪತ್ರೆಗೆ ಸೇರಿಸಿದರು. ಆಟಗಾರನನ್ನು ಪೋಲೀಸರು ಹಿಡಿದರು. ತಂಡದವರು ಅವನನ್ನು ಅಮಾನತು ಮಾಡಿದರು. ಅದೇ ದಿನ ನ್ಯಾಯಸ್ಥಾನದಲ್ಲಿ ಅವನಿಗೆ ಮಧ್ಯಂತರ ಜಾಮೀನು ಸಿಕ್ಕಿತು, ಪಾಸ್‌ಪೋರ್ಟನ್ನು ಒಪ್ಪಿಸಬೇಕಾಯಿತು. ಆಮೇಲೆ ಎರಡು ಕಡೆಯವರಿಗೂ ರಾಜಿಯಾಯಿತು. ಅವನು ಊರಿಗೆ ಹೋದ. ತಪ್ಪು ಮಾಡಿದನೋ ಇಲ್ಲವೋ, ಅದನ್ನು ಯಾವ ನ್ಯಾಯಾಧೀಶನೂ ಕೂತು ತೀರ್ಮಾನಿಸಲಿಲ್ಲ. ಆದ್ದರಿಂದ ನಾವೂ ತೀರ್ಮಾನಿಸುವುದಿಲ್ಲ.

ಒಂದು ಮಾತು ಮಾತ್ರ ಹೇಳದಿದ್ದರೆ ತಪ್ಪಾದೀತು. ಮೊಕದ್ದಮೆ ಇನ್ನೂ ಬಿಸಿಯಾಗಿದ್ದಾಗ ತಂಡದ ಮಾಲೀಕರ ಮಗ ಆ ಹೆಂಗಸಿನ ನಡತೆಯನ್ನೇ ಆಡಿಕೊಂಡು ಊರಿಗೆಲ್ಲ ಕಾಣುವಂತೆ ಬರೆದರು. ಆಕೆ ವಕೀಲರ ಮೂಲಕ ನೋಟೀಸು ಕೊಡಿಸಿದರು. ಆಕೆಗೆ ವಕೀಲರಿದ್ದರು, ಸರಿ. ಗಾರ್ಮೆಂಟ್ಸ್ ಕೆಲಸದ ನಮ್ಮ ಹೆಣ್ಣುಮಗಳೊಬ್ಬಳು ಮೇಸ್ತ್ರಿಯ ಮೇಲೆ ದೂರು ಕೊಟ್ಟರೆ ಮೊದಲು ಬರುವ ಪ್ರಶ್ನೆಯೂ ಇದೇ ಅಲ್ಲವೆ: ಅವಳು ಎಂಥವಳು? ದೊಡ್ಡ ಹೋಟೆಲಾಗಲಿ ಹೊಲಿಗೆ ಕಾರ್ಖಾನೆಯಾಗಲಿ, ಈ ಪ್ರಶ್ನೆ ಮಾತ್ರ ಬದಲಾಗುವುದಿಲ್ಲ. ಆ ವರ್ಷ ಹೆಂಗಸಿನ ಮಾನಭಂಗಕ್ಕೆ ಕಾಯಿದೆಯಲ್ಲಿದ್ದ ಶಿಕ್ಷೆ ಹೆಚ್ಚೆಂದರೆ ಎರಡು ವರ್ಷ. ಡಿಸೆಂಬರಿನಲ್ಲಿ ದೆಹಲಿಯ ಬಸ್ಸಿನೊಳಗೆ ನಡೆದ ಘೋರವನ್ನು ಕಂಡು ದೇಶವೆಲ್ಲ ಬೀದಿಗಿಳಿದ ಮೇಲೆ, 2013ರಲ್ಲಿ ಅದನ್ನು ಒಂದರಿಂದ ಐದು ವರ್ಷಕ್ಕೆ ಏರಿಸಿದರು.

ಈ ಪಾಮರ್ಸ್‌ಬಾಕ್‌ನನ್ನು ಸಾಹುಕಾರ ಎಂದುಕೊಳ್ಳಬೇಡಿ. ಅವನೂ ಒಂದು ಬಗೆಯ ಕೂಲಿಯಾಳೇ. 2007ರ ಡಿಸೆಂಬರಿನಲ್ಲಿ ಶಿಸ್ತು ತಪ್ಪಿದನೆಂದು ಅವನ ಪ್ರಾಂತದ ತಂಡ ಅವನನ್ನು ಹೊರಗಿಟ್ಟಿತ್ತು. ಪರ್ತಿನಲ್ಲಿ ಆಸ್ಟ್ರೇಲಿಯ ತಂಡದ ಪಂದ್ಯ ನೋಡಲು ಪ್ರೇಕ್ಷಕನಾಗಿ ಹೋಗಿದ್ದ. ಆಡಬೇಕಾದವನಿಗೆ ಪೆಟ್ಟಾಯಿತು, ಇವನನ್ನು ಕರೆದರು, ಇವನು ದೇಶಕ್ಕಾಗಿ ಬ್ಯಾಟು ಹಿಡಿದು 15 ಓಟ ಮಾಡಿದ. ಬೇಕಾದಾಗ ಕರೆ, ಬೇಡವಾದಾಗ ಹೊರಗಿಡು. ಗಿರಣಿಯ ಬದಲಿ ಕೆಲಸಗಾರನಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಾಲೀಕರ ಕಥೆ ಬೇರೆ. ತಂಡವನ್ನು 2008ರಲ್ಲಿ 11 ಕೋಟಿ 16 ಲಕ್ಷ ಡಾಲರಿಗೆ ಕೊಂಡವರು ವಿಜಯ ಮಲ್ಯರು. ಪಂದ್ಯದ ಮೇಲೆ ಪಾರ್ಟಿ ನಡೆಯುತ್ತಿದ್ದ ಆ 2012ರಲ್ಲೇ ಅವರ ಕಿಂಗ್‌ಫಿಷರ್ ವಿಮಾನ ಕಂಪನಿಯ ಕೆಲಸಗಾರರಿಗೆ ತಿಂಗಳುಗಟ್ಟಲೆ ಸಂಬಳವಿರಲಿಲ್ಲ. ಅಕ್ಟೋಬರಿನಲ್ಲಿ ಅಲ್ಲಿನ ಕೆಲಸಗಾರನೊಬ್ಬನ ಹೆಂಡತಿ ದೆಹಲಿಯಲ್ಲಿ ಪ್ರಾಣ ಕಳೆದುಕೊಂಡಳು. ಅದೇ ತಿಂಗಳ 20ರಂದು ಕಂಪನಿಯ ಪರವಾನಗಿಯನ್ನು ಅಮಾನತಿನಲ್ಲಿಟ್ಟರು. ಮಾಲೀಕರು 2016ರ ಮಾರ್ಚಿಯಲ್ಲಿ ದೇಶ ಬಿಟ್ಟರು. ಹೋಟೆಲಿನ ಗಲಾಟೆ ಪತ್ರಿಕೆಗಳ ಮುಖಪುಟಕ್ಕೆ ಬಂತು. ಸಂಬಳದ ಸುದ್ದಿ ವ್ಯಾಪಾರದ ಪುಟಕ್ಕೆ ಹೋಯಿತು.

ಈಗ ಮುಖ್ಯ ವಿಷಯಕ್ಕೆ ಬರೋಣ. ಆ ಆಟಗಾರನಿಗೆ ಅದೇ ದಿನ ಜಾಮೀನು ಸಿಕ್ಕಿತಲ್ಲ, ಅದು ಅನ್ಯಾಯವೆ? ಸಭೆಯಲ್ಲಿ ಕೆಲವರು ಹೌದೆಂದು ತಲೆಯಾಡಿಸುತ್ತಿದ್ದೀರಿ. ನಾವು ಅಲ್ಲವೆನ್ನುತ್ತೇವೆ. ತಪ್ಪು ಸಿದ್ಧವಾಗುವ ಮೊದಲು ಮನುಷ್ಯನನ್ನು ಬಂಧನದಲ್ಲಿಡುವುದು ಅಪರೂಪವಾಗಿರಬೇಕು. ಕಾಯಿದೆಯ ಆಶಯವೇ ಅದು. ಅವನ ಮಟ್ಟಿಗೆ ಕಾಯಿದೆ ಹೇಗೆ ನಡೆಯಬೇಕೋ ಹಾಗೆ ನಡೆಯಿತು. ನಮ್ಮ ತಕರಾರು ಇರುವುದು ಬೇರೆ ಕಡೆ: ಅದೇ ಬೆಳಗು ನಮ್ಮವರ ಪಾಲಿಗೆ ಏಕೆ ಆಗುವುದಿಲ್ಲ?

ಇಂಗ್ಲೆಂಡಿನದು ಒಂದು ಉದಾಹರಣೆ ನೋಡಿ. 2017ರ ಸೆಪ್ಟೆಂಬರ್ 25ರ ನಡುರಾತ್ರಿ ಬ್ರಿಸ್ಟಲಿನಲ್ಲಿ ಕ್ಲಬ್ಬೊಂದರ ಹೊರಗೆ ಬೆನ್ ಸ್ಟೋಕ್ಸ್ ಎಂಬ ಹೆಸರಾಂತ ಆಟಗಾರ ಹೊಡೆದಾಡಿದ. ಬೀದಿಯಲ್ಲಿ ಹೊಡೆದಾಡಿ ಶಾಂತಿ ಕದಡಿದ ಆರೋಪ ಬಂತು. ಆ ಚಳಿಗಾಲದ ಆಸ್ಟ್ರೇಲಿಯ ಪ್ರವಾಸ ತಪ್ಪಿತು. 2018ರ ಆಗಸ್ಟ್ 14ರಂದು ಪಂಚರು ಅವನನ್ನು ನಿರ್ದೋಷಿ ಎಂದರು. ಹನ್ನೊಂದು ತಿಂಗಳಲ್ಲಿ ಮುಗಿದುಹೋಯಿತು. ಇನ್ನು ನಮ್ಮ ದೇಶದ ಸಿಧು ಅವರ ವಿಚಾರ. 1988ರ ಡಿಸೆಂಬರ್ 27ರಂದು ಪಟಿಯಾಲದಲ್ಲಿ ರಸ್ತೆಯ ಜಗಳದಲ್ಲಿ 65 ವರ್ಷದ ವೃದ್ಧರೊಬ್ಬರು ಏಟು ತಿಂದು ಸತ್ತರು. 1999ರಲ್ಲಿ ಕೆಳಗಿನ ನ್ಯಾಯಸ್ಥಾನ ಸಿಧುವನ್ನು ಬಿಟ್ಟಿತು. 2006ರಲ್ಲಿ ಹೈಕೋರ್ಟು ಮೂರು ವರ್ಷ ವಿಧಿಸಿತು. 2018ರಲ್ಲಿ ಸುಪ್ರೀಂ ಕೋರ್ಟು ಅದನ್ನು ಸಾವಿರ ರೂಪಾಯಿ ದಂಡಕ್ಕೆ ಇಳಿಸಿತು. ಸತ್ತವರ ಮನೆಯವರು ಬಿಡಲಿಲ್ಲ. 2022ರ ಮೇ 19ರಂದು ಅದೇ ನ್ಯಾಯಸ್ಥಾನ ಒಂದು ವರ್ಷದ ಕಠಿಣ ಸಜೆ ಕೊಟ್ಟಿತು. ಮೂವತ್ತಮೂರು ವರ್ಷ! ನಡುವೆ ಸಿಧು ಶತಕಗಳನ್ನು ಹೊಡೆದರು, ಟೀವಿಯಲ್ಲಿ ನಕ್ಕರು, ಸಂಸತ್ತಿಗೆ ಹೋದರು, ಮಂತ್ರಿಯಾದರು. ಸಾವಿರ ರೂಪಾಯಿ ಎಲ್ಲಿಂದ ಬಂತೆಂದು ಕೇಳುವಿರಾ? ಬರಿಗೈಯಿಂದ ಗಾಯ ಮಾಡಿದ್ದಕ್ಕೆ 1860ರ ದಂಡ ಸಂಹಿತೆಯ 323ನೆಯ ಕಲಮಿನಲ್ಲಿದ್ದ ಅತಿ ಹೆಚ್ಚಿನ ದಂಡ ಅಷ್ಟೇ. ಬೀದಿ ಕಾದಾಟಕ್ಕೆ ನೂರು ರೂಪಾಯಿ. 2024ರ ಜುಲೈ 1ರಿಂದ ಬಂದ ಹೊಸ ಸಂಹಿತೆ ಇವನ್ನು ಹತ್ತು ಸಾವಿರಕ್ಕೂ ಒಂದು ಸಾವಿರಕ್ಕೂ ಏರಿಸಿದೆ.

ಹಾಗಾದರೆ ಬಡವನ ಗಲಾಟೆ ಹೇಗಿರುತ್ತದೆ? 2020ರ ಡಿಸೆಂಬರ್ 12. ಕೋಲಾರ ಜಿಲ್ಲೆಯ ನರಸಾಪುರ. ಐಫೋನ್ ಜೋಡಿಸುವ ವಿಸ್ಟ್ರಾನ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ಹುಡುಗರು ಗಾಜು ಒಡೆದರು, ಯಂತ್ರ ಉರುಳಿಸಿದರು. ಅದು ಸರಿಯೆಂದು ನಾವು ಹೇಳುವುದಿಲ್ಲ. ಹೊತ್ತು ಅದೇ, ಬೆಳಗಿನ ಜಾವ; ಆದರೆ ಅವರು ಕುಡಿದು ಬಂದವರಲ್ಲ, ದುಡಿದು ಬಂದವರು. ನೂರಕ್ಕೂ ಮಿಕ್ಕಿ ಜನರನ್ನು ಹಿಡಿದರು. ಒಂದು ವಾರ ಕಳೆಯುವಷ್ಟರಲ್ಲಿ ಕಂಪನಿಯೇ, ಕೆಲವರಿಗೆ ಸರಿಯಾಗಿ, ಸಕಾಲಕ್ಕೆ ಸಂಬಳ ಕೊಟ್ಟಿರಲಿಲ್ಲವೆಂದು ಒಪ್ಪಿ ಕ್ಷಮೆ ಕೇಳಿತು, ಒಬ್ಬ ಉಪಾಧ್ಯಕ್ಷನನ್ನು ತೆಗೆಯಿತು. ಸಂಬಳ ಕೊಡದವರಿಗೆ ಕ್ಷಮಾಪಣೆ ಸಾಕಾಯಿತು. ಸಂಬಳ ಕೇಳಿದವರಿಗೆ ಠಾಣೆ ಬೇಕಾಯಿತು.

ಸಂಗಾತಿಗಳೆ, ನಾವು ಕೂತಿರುವ ಈ ನಾಗರಬಾವಿಯಲ್ಲೇ ರಾಷ್ಟ್ರೀಯ ಕಾನೂನು ಶಾಲೆ ಇದೆ. ದೇಶದ ಎಲ್ಲ ಮೂಲೆಯಿಂದ ಬುದ್ಧಿವಂತ ಮಕ್ಕಳು ಬಂದು ಅಲ್ಲಿ ಕಾಯಿದೆ ಓದುತ್ತಾರೆ. ಅವರು ಓದಲೇಬೇಕಾದ ಒಂದು ತೀರ್ಪು 1980ರದು, ಅದರ ಹೆಸರು ಮಿನರ್ವ ಮಿಲ್ಸ್ ಮೊಕದ್ದಮೆ. ಹೌದು, ನಮ್ಮ ಮಾಗಡಿ ರಸ್ತೆಯ ಮಿನರ್ವ ಗಿರಣಿಯೇ! ಪಾರ್ಲಿಮೆಂಟು ಕೂಡ ರಾಜ್ಯಾಂಗದ ಮೂಲ ರಚನೆಯನ್ನು ಮುರಿಯಕೂಡದೆಂದು ಆ ತೀರ್ಪು ಹೇಳುತ್ತದೆ. ಗಿರಣಿ ನಿಂತಿತು, ಗಿರಣಿಯ ಹೆಸರು ಪುಸ್ತಕದಲ್ಲಿ ಉಳಿಯಿತು. ಆ ಗಿರಣಿಯಲ್ಲಿ ನೂಲು ತೆಗೆದವರು ಈ ಸಭೆಯಲ್ಲಿ ಮೂರು ಜನ ಇದ್ದಾರೆ. ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ಆದರೂ ಅದೇ ಪುಸ್ತಕಗಳಲ್ಲಿ ನಮ್ಮ ಕಡೆಯ ತೀರ್ಪೂ ಉಂಟು. 1978ರಲ್ಲಿ ಮೋತಿರಾಮ್ ಎಂಬ ಗಾರೆ ಕೆಲಸದವನಿಗೆ ಮ್ಯಾಜಿಸ್ಟ್ರೇಟರು ಹತ್ತು ಸಾವಿರ ರೂಪಾಯಿಯ ಜಾಮೀನು ಕೇಳಿದರು. ಅವನ ಅಣ್ಣತಮ್ಮ ನಿಲ್ಲಲು ಬಂದರೆ, ನಿನ್ನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ತಳ್ಳಿದರು. ಸುಪ್ರೀಂ ಕೋರ್ಟಿನ ಕೃಷ್ಣ ಅಯ್ಯರ್ ಅವರು ಇದು ನಡೆಯಕೂಡದೆಂದರು. ಇದೇ ಅಯ್ಯರ್ 1957ರ ಕೇರಳ ಸರ್ಕಾರದಲ್ಲಿ ಮಂತ್ರಿಯಾಗಿದ್ದವರು. ಅದು ನಮ್ಮ ಪಕ್ಷದ್ದಲ್ಲ, ಆದರೂ ಹೇಳಬೇಕಾದ್ದನ್ನು ಹೇಳಬೇಕು. ಆ ತೀರ್ಪಿಗೆ ಇಷ್ಟು ವರ್ಷ ಆದರೂ, 2022ರ ಸರ್ಕಾರಿ ಲೆಕ್ಕದಂತೆ ದೇಶದ ಸೆರೆಮನೆಗಳಲ್ಲಿದ್ದ ನೂರು ಜನರಲ್ಲಿ ಎಪ್ಪತ್ತೈದಕ್ಕೂ ಹೆಚ್ಚು ಮಂದಿ ವಿಚಾರಣೆ ಮುಗಿಯದವರು.

ನಮ್ಮ ಊರಿನ ಸಂಗತಿಯೊಂದನ್ನು ಹೇಳುತ್ತೇವೆ. 2025ರ ಜೂನ್ 3ರ ರಾತ್ರಿ ಬೆಂಗಳೂರು ತಂಡ ಮೊದಲ ಸಲ ಕಪ್ಪು ಗೆದ್ದಿತಲ್ಲ, ಮರುದಿನ ಚಿನ್ನಸ್ವಾಮಿ ಮೈದಾನದ ಬಾಗಿಲಲ್ಲಿ 11 ಜನ ತುಳಿತಕ್ಕೆ ಸಿಕ್ಕಿ ಸತ್ತರಲ್ಲ, ಆ ಗೆಲುವಿನ ರಾತ್ರಿ ನಮ್ಮಲ್ಲೂ ಪಟಾಕಿ ಹಾರಿತು. ಪಟಾಕಿಯಿಂದ ಮಾತು, ಮಾತಿನಿಂದ ಕೈ. ಗಿರಣಿಯಲ್ಲಿ ಕೆಲಸ ಮಾಡುವ ಒಬ್ಬ ಹುಡುಗ ಸಿಕ್ಕಿಬಿದ್ದ. ಹೊಡೆದವನೂ ಅವನೇ, ಹೊಡೆಸಿಕೊಂಡವನೂ ಅವನೇ. ಜಾಮೀನು ಕೊಡಲು ನ್ಯಾಯಸ್ಥಾನ ಒಪ್ಪಿತು. ಒಪ್ಪಿದ ಮೇಲೂ ಅವನು ಒಂಬತ್ತು ದಿನ ಒಳಗಿದ್ದ. ಕಾರಣವೇನು? ಪಹಣಿ ಹಿಡಿದು ನಿಲ್ಲುವ ಒಬ್ಬ ಮನುಷ್ಯ ಬೇಕಿತ್ತು. ಅಪ್ಪನಿಗೆ ಭೂಮಿಯಿಲ್ಲ. ಮಾವನ ಪಹಣಿಯಲ್ಲಿ ತೀರಿಹೋದ ಅಜ್ಜನ ಹೆಸರು. ಕಡೆಗೆ ನಿಂತವರು ಬೀದಿಯ ಮೂಲೆಯ ಬೀಡಾ ಅಂಗಡಿಯವರು. ಜಗಳ ಅವರ ಅಂಗಡಿಯ ಮುಂದೆಯೇ ಆಗಿತ್ತು, ಎರಡು ಸೋಡಾ ಪೆಟ್ಟಿಗೆ ಒಡೆದಿದ್ದವು. ಬಾಗಿಲು ಕಡೆಗೆ ಹಾಕುವವರು ಅವರೇ ಆದ್ದರಿಂದ ಬೀದಿಯ ಪ್ರತಿ ಜಗಳಕ್ಕೂ ಅವರನ್ನೇ ಸಾಕ್ಷಿಗೆ ಕರೆಯುತ್ತಾರೆ, ಕರೆದ ದಿನ ವ್ಯಾಪಾರ ಹೋಗುತ್ತದೆ. ಏಕೆ ನಿಂತಿರಿ ಎಂದು ಕೇಳಿದೆವು. "ಹುಡುಗ ಸಾಲ ಬಾಕಿ ಇಟ್ಟಿದ್ದಾನೆ, ಒಳಗಿದ್ದರೆ ತೀರಿಸುವುದು ಹೇಗೆ?" ಎಂದರು. ಹುಡುಗನ ಬಾಕಿ ನಲವತ್ತು ರೂಪಾಯಿ.

ಆ ಹುಡುಗ ಹೊರಗೆ ಬಂದಾಗ ಗಿರಣಿಯಲ್ಲಿ ಅವನ ಜಾಗದಲ್ಲಿ ಬೇರೊಬ್ಬನಿದ್ದ.

ನಮ್ಮಲ್ಲಿ ಬಹುಮಂದಿಗೆ ತಿಳಿಯದ ಕೆಲವು ವಿಷಯಗಳನ್ನು ಮನೆಗೆ ಹೋಗಿ ಹೆಂಡತಿ ಮಕ್ಕಳಿಗೂ ಹೇಳಿ. 1987ರ ಕಾನೂನು ನೆರವಿನ ಕಾಯಿದೆಯ ಪ್ರಕಾರ ಕಾರ್ಖಾನೆಯ ಕಾರ್ಮಿಕನಿಗೆ, ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಬಂಧನದಲ್ಲಿರುವ ಯಾರಿಗೇ ಆಗಲಿ, ವಕೀಲರನ್ನು ಸರ್ಕಾರವೇ ಪುಕ್ಕಟೆ ಕೊಡಬೇಕು. ಅದು ಧರ್ಮವಲ್ಲ, ಹಕ್ಕು. ಕೇಳಲು 15100 ಎಂಬ ಫೋನ್ ಸಂಖ್ಯೆ ಇದೆ. ಜಾಮೀನು ಹಕ್ಕಾಗಿರುವ ಸಣ್ಣ ಅಪರಾಧಗಳಲ್ಲಿ, ಒಂದು ವಾರವಾದರೂ ಜಾಮೀನುದಾರನನ್ನು ತರಲಾಗದಿದ್ದರೆ ಅವನನ್ನು ಬಡವನೆಂದೇ ಎಣಿಸಿ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕೆಂದು ಕಾಯಿದೆಯಲ್ಲೇ ಬರೆದಿದೆ. ಇದನ್ನು ಬಾಯಿಬಿಟ್ಟು ಕೇಳದಿದ್ದರೆ ಯಾರೂ ತಾವಾಗಿ ಹೇಳುವುದಿಲ್ಲ. ನಮ್ಮ ಹುಡುಗನ ಪರವಾಗಿ ಅಂದು ಕೇಳಿದವರಿರಲಿಲ್ಲ, ನಮಗೇ ಗೊತ್ತಿರಲಿಲ್ಲ. ಮೇಷ್ಟರಾಗಿದ್ದೆವೆಂಬ ಜಂಬ ಅಂದು ಇಳಿಯಿತು.

ಅಂದಿನಿಂದ ನಮ್ಮ ಊರಿನ ಸಂಘದ ಕಛೇರಿಯಲ್ಲಿ ಒಂದು ಲೆಕ್ಕದ ಪುಸ್ತಕ ಇಟ್ಟಿದ್ದೇವೆ. ತಮಗೆ ಗೊತ್ತಿರುವ ಕಾರ್ಮಿಕನಿಗೆ ಜಾಮೀನು ನಿಲ್ಲಲು ಒಪ್ಪುವವರು ಅದರಲ್ಲಿ ಹೆಸರು ಬರೆಸಬೇಕು. ಗುರುತಿಲ್ಲದವನಿಗೆ ಹಣಕ್ಕಾಗಿ ನಿಲ್ಲುವ ದಂಧೆ ಇದಲ್ಲ, ಅಂಥವರ ಹೆಸರನ್ನು ಬರೆದುಕೊಳ್ಳುವುದಿಲ್ಲ. ಪಹಣಿ ಅಥವಾ ಮನೆಯ ಖಾತೆ ತಮ್ಮ ಸ್ವಂತ ಹೆಸರಿಗೆ ಆಗಿರಬೇಕು, ವರ್ಷದ ಕಂದಾಯ ಕಟ್ಟಿರಬೇಕು. ಈ ವಾರದವರೆಗೆ ಏಳು ಹೆಸರು ಬಂದಿವೆ. ಅವುಗಳಲ್ಲಿ ಐದು ಅಂಗಡಿಯವರವು. ನಾಗರಬಾವಿಯವರಿಗಾಗಿ ಅಂಥದೇ ಇನ್ನೊಂದು ಪುಸ್ತಕವನ್ನು ತಂದಿದ್ದೇವೆ, ಅಧ್ಯಕ್ಷರ ಮೇಜಿನ ಮೇಲಿದೆ. ಅದರ ಮೊದಲ ಹಾಳೆ ಇನ್ನೂ ಖಾಲಿ.